310 ಅಡಿಯಲ್ಲಿ ಬೋರು ಮುಚ್ಚಿಕೊಳ್ಳುತ್ತಿದೆ, ಹಸಿರು ಜೇಡಿ ಬರುತ್ತಿದೆ

ತೋಟದಮನೆ:
ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟಕ್ಕೆ ಬೋರು ಹೊಡೆಸುತ್ತಿದ್ದೇವೆ. ಮೊದಲ 40 ಅಡಿ ಕೆಂಪು ಮಣ್ಣು, ಜಂಬಿಟ್ಟಿಗೆ. ಅಷ್ಟಕ್ಕೆ ಕೇಸಿಂಗ್ ಇಳಿಸಿದ್ದಾರೆ. ಆಮೇಲೆ ಗಟ್ಟಿ ಬಂಡೆ, ಬಿಳಿ ಪುಡಿ ಚೆನ್ನಾಗಿಯೇ ಹಾರುತ್ತಿತ್ತು. 310ಕ್ಕೆ ಕೊರೆಯುವ ಬಿಟ್ ದಡಕ್ಕನೆ ಇಳಿಯಿತು. ಈಗ ಹಸಿರು ಛಾಯೆಯ ಜೇಡಿ ಬರುತ್ತಿದೆ, ರಾಡ್ ಎತ್ತಿದರೆ ತೂತು ಮುಚ್ಚಿಕೊಳ್ಳುತ್ತದೆ. ರಿಗ್‌ನವರು ಮೇಲಿನ ಮಣ್ಣು ಇಳಿಯುತ್ತಿದೆ, ಬೇರೆ ಪಾಯಿಂಟ್ ನೋಡಿ ಅನ್ನುತ್ತಾರೆ. ಎಷ್ಟು ಖರ್ಚಾಯಿತು ಅಂತ ಇಲ್ಲಿ ಹೇಳಲ್ಲ, ಮನೆಯವರೂ ಓದುತ್ತಾರೆ.

ಕಲ್ಲುಹುಚ್ಚ:
ಮೇಲಿನ ಮಣ್ಣಾದರೆ ಕೆಂಪಗಿರಬೇಕು ಅಲ್ವಾ? ಒಂದು ಹಿಡಿ ಜೇಡಿಯನ್ನು ಜರಡಿಯಲ್ಲಿ ತೊಳೆದು ಉಳಿದ ಚೂರು ನೋಡಿ. ನುಣ್ಣನೆ ಹೊಳೆಯುವ ಮುಖ, ಅದರ ಮೇಲೆ ಒಂದೇ ದಿಕ್ಕಿಗೆ ಗೀರು ಇದೆಯಾ?

ತೋಟದಮನೆ:
ಇದೆ! ನಾಲ್ಕೈದು ಚೂರಿಗೆ. ಬೆರಳಿಗೆ ಬಳಪದ ಹಾಗೆ ಜಾರುತ್ತದೆ. ನಡುವೆ ಬೆಣಚು ಕಲ್ಲಿನ ತುಣುಕೂ ಇವೆ.

ಕಲ್ಲುಹುಚ್ಚ:
ಹಾಗಾದರೆ ನೀವು ಫಾಲ್ಟ್ ಒಳಗೆ ಇಳಿದಿದ್ದೀರಿ. ಎರಡು ಬಂಡೆ ಒಂದಕ್ಕೊಂದು ಉಜ್ಜಿಕೊಂಡು ಜಾರಿದ ಜಾಗ ಅದು. ಉಜ್ಜಿ ಉಜ್ಜಿ ಬಂಡೆಯೇ ಹಿಟ್ಟಾಗಿ, ನೀರು ಸೇರಿ ಜೇಡಿಯಾಗಿದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಾಸ್ ಫಾಲ್ಟನ್ನು ಸುಮಾರು 3 ಕಿ.ಮೀ. ಆಳದವರೆಗೆ ಕೊರೆದು 2007ರಲ್ಲಿ ಕಲ್ಲಿನ ಕಂಬಗಳನ್ನು ಮೇಲೆತ್ತಿದರು. ಸುಮಾರು 200 ಮೀಟರ್ ಅಗಲಕ್ಕೆ ಬಂಡೆ ಒಡೆದಿತ್ತು, ಆದರೆ ಈಗಲೂ ಜಾರುತ್ತಿರುವುದು ಅದರೊಳಗಿನ 1.6 ಮತ್ತು 2.6 ಮೀಟರಿನ ಎರಡೇ ಜೇಡಿ ಪಟ್ಟಿ. ನಿಮಗೆ ಬೇಕಾದ ವಿಷಯ ಇಲ್ಲೇ ಇದೆ. ಜೇಡಿ ನೀರು ಬಿಡಲ್ಲ, ಅದರ ಅಕ್ಕಪಕ್ಕ ಒಡೆದ ಬಂಡೆಯ ಬಿರುಕಲ್ಲಿ ನೀರು ನಿಲ್ಲುತ್ತದೆ. ಈಗಲೇ ಬಿಟ್ಟು ಹೋಗಬೇಡಿ.

ತೋಟದಮನೆ:
ಫಾಲ್ಟ್ ಅಂದರೆ ಭೂಕಂಪ ಗೀಕಂಪ...?

ಕಲ್ಲುಹುಚ್ಚ:
ಸುಮ್ನೆ ಹೆದರಬೇಡಿ. ನಮ್ಮ ಕಡೆ ಕಲ್ಲು ಕೋಟ್ಯಂತರ ವರ್ಷ ಹಳೆಯದು, ಇಂಥ ಗಾಯಗಳು ಬೇಕಾದಷ್ಟಿವೆ. ಅದರಲ್ಲಿ ಹೆಚ್ಚಿನವು ಯಾವತ್ತೋ ಸುಮ್ಮನಾದವು. ಮಹಾರಾಷ್ಟ್ರದ ಕೊಯ್ನಾ ಕಥೆ ಬೇರೆ. 1967ರ ಭೂಕಂಪ ಆದ ಆ ಸೀಮೆಯಲ್ಲಿ ಮುಂದೆ 3 ಕಿ.ಮೀ. ಕೊರೆದರು. ಒಂದು ಕಿಲೋಮೀಟರಿಗೂ ಜಾಸ್ತಿ ಕಪ್ಪು ಬಸಾಲ್ಟ್, ಅದು ಮುಗಿದ ತಕ್ಷಣ ಗ್ರಾನೈಟ್ ಮತ್ತು ನೈಸ್ ಅನ್ನುವ ಪಟ್ಟೆ ಪಟ್ಟೆ ಕಲ್ಲು. ನಡುವೆ ಬೇರೆ ಪದರವೇ ಇಲ್ಲ. ಅಂದರೆ ಅಷ್ಟು ಕೆಳಗೆ ಸಿಕ್ಕಿದ್ದು ಹೆಚ್ಚುಕಡಿಮೆ ನಿಮ್ಮ ಬಿಳಿ ಪುಡಿಯ ಜಾತಿಯ ಕಲ್ಲೇ.

ರಿಗ್ ಬಿಟ್ಟವನು:
ಕೆಲಸದ ಮಾತು. ರಾಡ್ ಎತ್ತದೆ ಗಟ್ಟಿ ಬಂಡೆ ಸಿಗುವವರೆಗೆ ಹೊಡೆಯಿರಿ, ಫೋಮ್ ಹಾಕಿ ತೊಳೆಯಿರಿ, ಕೂಡಲೇ ಒಳಗೆ 5 ಇಂಚಿನ ಕೇಸಿಂಗ್ ಇಳಿಸಿ. ಜೇಡಿ ಇರುವಲ್ಲಿ ತೂತಿಲ್ಲದ ಪೈಪ್. ಆಮೇಲೆ ನಾಲ್ಕೂವರೆ ಇಂಚಿನ ಬಿಟ್. ಅಲ್ಲಾಡದೆ ನಿಲ್ಲಿಸಿದರೆ ಬಿಟ್ಟನ್ನು ಬಡಿಯುವ ಹ್ಯಾಮರ್ ಅಲ್ಲೇ ಸಿಕ್ಕಿಕೊಳ್ಳುತ್ತದೆ, ನಾನು ಒಂದನ್ನು ಹಾಗೇ ಹೂತು ಬಂದಿದ್ದೇನೆ.

ತೋಟದಮನೆ:
ಮಾಡಿಸಿದೆ. ಜೇಡಿ 12 ಅಡಿ ಇತ್ತು. 348ಕ್ಕೆ ಒಂದೂವರೆ ಇಂಚು ನೀರು. ಜಾರುವ ಚೂರನ್ನು ಎಸೆದಿಲ್ಲ, ಮಗಳು ಅದರಲ್ಲಿ ಅಂಗಳದ ತುಂಬಾ ಗೆರೆ ಎಳೆದಿದ್ದಾಳೆ.