ಅಪ್‌ಡೇಟ್: ಇಬ್ಬರು ಆರೋಪಿಗಳಿಗೆ ಒಬ್ಬರೇ ವಕೀಲರು

ಒಂದೇ ಪ್ರಕರಣದಲ್ಲಿ ಸಿಲುಕಿರುವ ನನ್ನ ತಮ್ಮ ಮತ್ತು ಅವನ ಗೆಳೆಯನ ಪರವಾಗಿ ಒಬ್ಬರೇ ವಕೀಲರು ವಾದಿಸಬಹುದೇ ಎಂದು ಕೇಳಿದ್ದೆ. ಇಬ್ಬರ ಹಿತ ಒಂದಕ್ಕೊಂದು ಎದುರಾಗಬಹುದು ಎಂದು ನೀವು ಎಚ್ಚರಿಸಿದ್ದೇ ಆಯಿತು. ತಮ್ಮನ ವಿರುದ್ಧ ಸಾಕ್ಷಿ ಹೇಳಿದರೆ ಶಿಕ್ಷೆ ಕಡಿಮೆಯಾಗಬಹುದೆಂದು ಸರ್ಕಾರಿ ಅಭಿಯೋಜಕರು ಗೆಳೆಯನಿಗೆ ಆಸೆ ತೋರಿಸಿದ್ದಾರೆ. ಒಪ್ಪಿಕೋ ಎಂದರೆ ತಮ್ಮನಿಗೆ ಪೆಟ್ಟು, ಬೇಡ ಎಂದರೆ ಗೆಳೆಯನಿಗೆ ನಷ್ಟ. ವಕೀಲರು ಏನು ತಾನೇ ಹೇಳಿಯಾರು?

ತಮ್ಮನ ವಕಾಲತ್ತನ್ನಾದರೂ ಉಳಿಸಿಕೊಳ್ಳಿ ಎಂದು ಅಂಗಲಾಚಿದೆ. ಆಗದು ಎಂದರು. ಗೆಳೆಯ ಸಾಕ್ಷಿಕಟ್ಟೆ ಹತ್ತಿದರೆ ಅವನಿಗೆ ಪಾಟೀಸವಾಲು ಹಾಕಬೇಕಾದವರು ಇವರೇ. ಅವನು ನಂಬಿ ಹೇಳಿಕೊಂಡ ಗುಟ್ಟು ವಕಾಲತ್ತು ಮುಗಿದ ಮೇಲೂ ಗುಟ್ಟೇ. ಅಮೆರಿಕದಲ್ಲಿ ಮೂವರು ಸಹ ಆರೋಪಿಗಳ ಹೊಣೆಯನ್ನು, ಆಕ್ಷೇಪಿಸಿದರೂ ಕೇಳದೆ, ಒಬ್ಬರೇ ವಕೀಲರಿಗೆ ಹೊರಿಸಿದ್ದಕ್ಕೆ 1978ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವರನ್ನು ದೋಷಿಗಳೆಂದ ತೀರ್ಪನ್ನೇ ರದ್ದುಪಡಿಸಿತ್ತಂತೆ.

ಕೊನೆಗೆ ಇಬ್ಬರ ವಕಾಲತ್ತಿನಿಂದಲೂ ಅವರು ಹಿಂದೆ ಸರಿದರು. ಅದೇ ಕಚೇರಿಯ ಕಿರಿಯರಿಗೂ ವಹಿಸಲಿಲ್ಲ. ತಮ್ಮನ ಹೊಸ ವಕೀಲರು ವಕಾಲತ್ತಿಗೆ ಸಹಿ ಹಾಕಿಸುವ ಮೊದಲು ಸಾಕ್ಷಿಗಳ ಪಟ್ಟಿ ತರಿಸಿ, ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು, ತಮ್ಮ ಹಳೆಯ ಕಕ್ಷಿದಾರರು ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡರು. ಎರಡೆರಡು ಶುಲ್ಕದ ಸಂಕಟವಂತೂ ಇದ್ದೇ ಇದೆ. ಕಡತ ಓದಲು ಅವರು ನ್ಯಾಯಾಲಯದಿಂದ ಕಾಲಾವಕಾಶ ಕೇಳಿದ್ದಾರೆ.