ಕುದುರೆಗೆ ಮೂರು ತಿಂಗಳಿಂದ ಕೆಮ್ಮು, ಏನು ಮಾಡುವುದು?

ಪ್ರಶ್ನೆ: ಕುಣಿಗಲ್ ಹತ್ತಿರ ನಮ್ಮದು 12 ವರ್ಷದ ಹೆಣ್ಣು ಕುದುರೆ. ಜ್ವರ ಇಲ್ಲ, ಮೇವು ತಿನ್ನುತ್ತದೆ, ಆದರೆ ಸುಮ್ನೆ ನಿಂತಿದ್ದಾಗಲೂ ಹೊಳ್ಳೆ ಅರಳಿಸಿ, ಹೊಟ್ಟೆ ಒತ್ತಿ ಒತ್ತಿ ಉಸಿರು ಬಿಡುತ್ತದೆ. ನೋಡಿದರೆ ಕರುಳು ಚುರುಕ್ ಅನ್ನುತ್ತದೆ.

ಉತ್ತರ 1: ಉಸಿರು ಎಣಿಸಿ. ನಿಂತ ಕುದುರೆಗೆ ನಿಮಿಷಕ್ಕೆ 8ರಿಂದ 16 ಸರಿ. ಜಾಸ್ತಿ ಇದ್ದರೆ ಆಸ್ತಮಾ ಇರಬಹುದು. ಒಣಹುಲ್ಲಿನ ದೂಳು, ಬೂಷ್ಟಿನಿಂದ ಶ್ವಾಸನಾಳ ಊದಿಕೊಂಡು ಲೋಳೆ ಕಟ್ಟುತ್ತದೆ. ಕೊಟ್ಟಿಗೆ ಬಿಡಿಸಿ, ಬಯಲಲ್ಲಿ ಕಟ್ಟಿ.

ಉತ್ತರ 2: ಚಿಂತಾಮಣಿಯಲ್ಲಿ ನಮ್ಮ ಕುದುರೆಗೂ ಹೀಗೇ ಆಗಿತ್ತು. ಬಣವೆಯ ಹುಲ್ಲು ಕೊಡವಿದರೆ ಬಿಸಿಲಲ್ಲಿ ದೂಳು ಹೊಗೆಯಂತೆ ಏಳುತ್ತಿತ್ತು. ಈಗ ಅರ್ಧ ಗಂಟೆ ನೆನೆಸಿ, ಒದ್ದೆ ಇರುವಾಗಲೇ ನೆಲದ ಮೇಲೆ ಹಾಕುತ್ತೇವೆ, ತಲೆ ಬಗ್ಗಿಸಿ ತಿಂದರೆ ಕಫ ಇಳಿಯುತ್ತದೆ ಅಲ್ವಾ. ಡಾಕ್ಟರ್ ಸ್ಟೀರಾಯ್ಡ್ ಕೊಟ್ಟರು, ಆದರೆ ದೂಳು ಹೋಗದೆ ಬರೀ ಔಷಧಿಯಿಂದ ಗುಣ ನಿಲ್ಲುವುದಿಲ್ಲ.

ಪ್ರಶ್ನೆ ಕೇಳಿದವರು: ಎಣಿಸಿದೆ, 24 ಇದೆ. ಬೆಳಿಗ್ಗೆಯೇ ಪಶುವೈದ್ಯರನ್ನು ಕರೆಸುತ್ತೇನೆ.