ಹೂವಿನ ಹರಾಜಿನಲ್ಲಿ ರೇಟು ಮೇಲಿಂದ ಕೆಳಗೆ ಇಳಿಯೋದು ಯಾಕೆ?

ಪ್ರಶ್ನೆ: ಸರ್, ದೊಡ್ಡಬಳ್ಳಾಪುರದ ಹತ್ತಿರ ಪಾಲಿಹೌಸ್‌ನಲ್ಲಿ ಗುಲಾಬಿ ಬೆಳೆಯುತ್ತೇವೆ. ನಾವು ನೋಡಿರೋ ಹರಾಜಿನಲ್ಲಿ ಕೂಗಿ ಕೂಗಿ ರೇಟು ಏರಿಸುತ್ತಾರೆ. ಹಾಲೆಂಡಿನಲ್ಲಿ ರೇಟು ಇಳಿಯುತ್ತಾ ಬರುತ್ತಂತೆ. ಬೆಳೆಗಾರನಿಗೆ ನಷ್ಟ ಅಲ್ವಾ?

ಉತ್ತರ (ಹೂವಿನ ಸಗಟು ಖರೀದಿದಾರ): ಇಲ್ಲ ಸರ್, ಅಲ್ಲಿ ಭಯ ಇರೋದು ಕೊಳ್ಳುವವನಿಗೆ. ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಲ್ಸ್‌ಮೀರ್ ಹರಾಜನ್ನೇ ನೋಡಿ. ಪರದೆಯ ಮೇಲೆ ಒಂದು ಗಡಿಯಾರ, ಅದು ತೋರಿಸೋದು ಸಮಯ ಅಲ್ಲ, ಬೆಲೆ. ಪಕ್ಕದಲ್ಲಿ ಬೆಳೆಗಾರನ ಹೆಸರು, ತಳಿ, ಕಡ್ಡಿಯ (ಹೂವಿನ ಕಾಂಡದ) ಉದ್ದ, ಮೊಗ್ಗು ಎಷ್ಟು ಅರಳಿದೆ, ಬಕೆಟ್‌ಗೆ ಎಷ್ಟು ಕಡ್ಡಿ, ಎಲ್ಲ ಇರುತ್ತೆ. ಬೆಳಕಿನ ಚುಕ್ಕೆ ಮೇಲಿನ ಬೆಲೆಯಿಂದ ಸರಸರ ಕೆಳಗೆ ಓಡುತ್ತೆ. ಮೊದಲು ಬಟನ್ ಒತ್ತಿದವನಿಗೆ ಹೂವು. ಇನ್ನೂ ಸ್ವಲ್ಪ ಇಳೀಲಿ ಅಂತ ಕಾದರೆ ಪಕ್ಕದವನು ಒತ್ತಿಬಿಡುತ್ತಾನೆ. ಆ ಭಯಕ್ಕೇ ಒಳ್ಳೆ ಮಾಲಿಗೆ ಒಳ್ಳೆ ರೇಟು ಸಿಗೋದು. ಇಡೀ ಲಾಟ್, ಅಂದ್ರೆ ಒಟ್ಟಿಗೆ ಹರಾಜಿಗಿಟ್ಟ ಮಾಲು, ಬೇಕಿಲ್ಲದಿದ್ದರೆ ಬೇಕಾದಷ್ಟು ತಗೊಳ್ಳಬಹುದು. ಉಳಿದದ್ದಕ್ಕೆ ಚುಕ್ಕೆ ಮತ್ತೆ ಮೇಲಕ್ಕೆ ಹೋಗಿ ಇಳಿಯುತ್ತೆ. ಒಂದೊಂದು ವ್ಯವಹಾರ ಕೆಲವೇ ಸೆಕೆಂಡು. ಬಾಡುವ ಮಾಲಿಗೆ ಕೂಗಾಡುತ್ತಾ ಕೂರಲು ಪುರುಸೊತ್ತು ಎಲ್ಲಿ?

ಈಗ ಹೆಚ್ಚಿನವರು ಕೂತಲ್ಲೇ ಕಂಪ್ಯೂಟರ್‌ನಲ್ಲಿ ಕೊಳ್ಳುತ್ತಾರೆ. ಗಡಿಯಾರಕ್ಕೆ ಬರದೆ ನೇರವಾಗಿ ಮಾರಾಟವಾಗುವ ಮಾಲೂ ಬಹಳ ಇದೆ. ನಮ್ಮ ಬೆಂಗಳೂರಿನ ಹೆಬ್ಬಾಳದ ಹೂವಿನ ಹರಾಜು ಕೇಂದ್ರದಲ್ಲೂ ಇದೇ ಇಳಿಕೆ ಪದ್ಧತಿ.

ಪ್ರಶ್ನೆ: ಯಾರೂ ಒತ್ತಲೇ ಇಲ್ಲ ಅಂದ್ರೆ?

ಉತ್ತರ: ಅದಕ್ಕೊಂದು ಕನಿಷ್ಠ ಬೆಲೆ ಇದೆ. ಚುಕ್ಕೆ ಅದನ್ನು ದಾಟಿದರೆ ಮಾಲು ಮಾರಾಟವಿಲ್ಲ, ನಾಶ ಮಾಡುತ್ತಾರೆ. ನೋಡೋಕೆ ಸಂಕಟ ಆಗುತ್ತೆ, ಆದರೆ ಆ ಹೂವನ್ನು ಪುಕ್ಕಟೆ ರೇಟಿಗೆ ಬಿಟ್ಟರೆ ಮಿಕ್ಕವರ ಹೂವಿನ ಬೆಲೆಯೂ ಬಿದ್ದುಹೋಗುತ್ತೆ. ಆಲ್ಸ್‌ಮೀರ್ ನಡೆಸೋದು ರಾಯಲ್ ಫ್ಲೋರಾಹಾಲೆಂಡ್, ಅದು ಬೆಳೆಗಾರರದೇ ಸಹಕಾರ ಸಂಘ. ದುಡ್ಡೂ ಸಂಘದ ಮೂಲಕವೇ ಬರುತ್ತೆ, ವ್ಯಾಪಾರಿಯ ಹಿಂದೆ ಓಡಾಡೋ ಕಷ್ಟ ಇಲ್ಲ. ನನಗೆ ಆ ಪದ್ಧತಿಯಲ್ಲಿ ತುಂಬಾ ಇಷ್ಟವಾದದ್ದು ಇದೇ.

ನಿಮಗೆ ಒಂದು ಮಾತು: ಕಟ್ಟಿನ ಮಧ್ಯೆ ಗಿಡ್ಡ ಕಡ್ಡಿ ಸೇರಿಸಬೇಡಿ. ಪರದೆ ಮೇಲೆ ಹೆಸರು ಕಾಣುತ್ತೆ. ಒಂದು ಸಲ ಮೋಸ ಹೋದ ಖರೀದಿದಾರ ಮುಂದಿನ ಸಲ ಆ ಹೆಸರು ಬಂದಾಗ ಚುಕ್ಕೆ ಇನ್ನೂ ಕೆಳಗೆ ಬರೋವರೆಗೆ ಬಟನ್ ಒತ್ತೋದಿಲ್ಲ. ನಾನೂ ಹಾಗೇ ಮಾಡೋದು.

ಇನ್ನೊಬ್ಬರ ಪ್ರಶ್ನೆ: ಅಣ್ಣ, ನಮ್ಮದು ಉಡುಪಿ ಕಡೆ, ಮಲ್ಲಿಗೆ. ಇದೂ ಗಡಿಯಾರಕ್ಕೆ ಬರುತ್ತಾ?

ಉತ್ತರ: ಗಡಿಯಾರಕ್ಕೆ ಒಂದೇ ಅಳತೆಯ, ದರ್ಜೆ ಹಾಕಿದ ಲಾಟ್ ಬೇಕು ತಮ್ಮಾ. ಬೆಳಿಗ್ಗೆ ಕೊಯ್ದು, ಕಟ್ಟಿ, ಸಂಜೆಯೊಳಗೆ ಮುಡಿಗೇರಬೇಕಾದ ಹೂವಿಗೆ ಅದು ಹೊಂದಲ್ಲ. ನಿಮ್ಮ ಶಂಕರಪುರದಲ್ಲಿ ದಿನಕ್ಕೊಂದು ಅಟ್ಟೆಯ (ಕಟ್ಟಿದ ಮಲ್ಲಿಗೆ ಮಾರುವ ಅಳತೆ) ರೇಟು ಹೇಳುತ್ತಾರಲ್ಲ, ಆ ಹೂವಿಗೆ ಅದೇ ಸರಿ. ಎಲ್ಲ ಬೆಳೆಗಾರರಿಗೂ ಅವತ್ತಿನ ರೇಟು ತಿಳಿದಿರುತ್ತೆ, ಅದನ್ನು ಬಿಡಬೇಡಿ.